ನಿಮ್ಮ ಮನೆಯ ಭಾನುವಾರದ ಊಟಕ್ಕೆ ಏನು ಹೆಸರು?



ಭಾನುವಾರ ರಾತ್ರಿ ಎಂಟೂವರೆ. ಮಧ್ಯಾಹ್ನದ ಅಡಿಗೆಯಲ್ಲಿ ಅಷ್ಟಿಷ್ಟು ಉಳಿದಿದೆ. ಅಮ್ಮ ಒಲೆ ಹಚ್ಚುವುದಿಲ್ಲ. ಪಾತ್ರೆಗಳನ್ನೆಲ್ಲ ತಂದು ಸಾಲಾಗಿ ಇಟ್ಟು, "ಯಾರಿಗೆ ಏನು ಬೇಕೋ ಹಾಕಿಕೊಳ್ಳಿ" ಎಂದು ತಾನೂ ಒಂದು ತಟ್ಟೆ ಹಿಡಿದು ಕುಳಿತುಬಿಡುತ್ತಾಳೆ. ಇಂಥ ಊಟ ನಿಮ್ಮ ಮನೆಯಲ್ಲೂ ಇದ್ದೇ ಇರುತ್ತದೆ. ಅದಕ್ಕೆ ನಿಮ್ಮಲ್ಲಿ ಏನೆನ್ನುತ್ತಾರೆ?

ಸಂಘದ ಕಾರ್ಯಕ್ರಮಗಳಲ್ಲಿ ಸಿಕ್ಕವರನ್ನೆಲ್ಲ ಈ ಪ್ರಶ್ನೆ ಕೇಳುವ ಚಟ ನನಗೆ. ಉತ್ತರಗಳು ಒಂದಕ್ಕಿಂತ ಒಂದು ಸೊಗಸು! ಮಂಗಳೂರು ಕಡೆಯವರ ಮನೆಯೊಂದರಲ್ಲಿ ಅದು 'ಫ್ರಿಜ್ ಸಂತರ್ಪಣೆ'. ಮೈಸೂರಿನವರೊಬ್ಬರ ಮನೆಯಲ್ಲಿ 'ಸ್ವಯಂವರ' - ಮೆಚ್ಚಿದ ಪಲ್ಯಕ್ಕೆ ತಾವೇ ಮಾಲೆ ಹಾಕಬೇಕಂತೆ! ಇನ್ನೊಂದು ಮನೆಯಲ್ಲಿ 'ಡಬ್ಬಿ ಪೂಜೆ', ಮತ್ತೊಂದರಲ್ಲಿ 'ಇದ್ದದ್ದು ಇದ್ದ ಹಾಗೆ'. "ನಮ್ಮಲ್ಲಿ ಹೆಸರೇನೂ ಇಲ್ಲಪ್ಪ" ಎಂದವರೂ ಎರಡು ನಿಮಿಷ ಬಿಟ್ಟು ಏನನ್ನೋ ನೆನಪಿಸಿಕೊಂಡು ನಗುತ್ತಾರೆ.

ಭಾಷೆಯ ಬೊಕ್ಕಸದಲ್ಲಿಯೂ ಇದರ ಬಂಧುಬಳಗ ಉಂಟು. ಎಲ್ಲ ಸೇರಿ ಗೊಂದಲವಾದರೆ 'ಕಲಸುಮೇಲೋಗರ' ಎನ್ನುತ್ತೇವಲ್ಲ, ಅದು ಅಡಿಗೆಮನೆಯಿಂದಲೇ ಹೊರಟ ಮಾತು. ಓಗರವೆಂದರೆ ಅನ್ನ, ಅದರ ಮೇಲೆ ಹಾಕಿಕೊಳ್ಳುವ ವ್ಯಂಜನವೇ ಮೇಲೋಗರ. 'ತಂಗಳು' ಎಂಬುದರಲ್ಲಿ ತಣ್ಣನೆಯ 'ಕೂಳು' ಅಡಗಿ ಕುಳಿತಿದೆ. ಊಟಕ್ಕೆ ಹಾಕುವ ಕ್ರಿಯೆಗೂ ಊರಿಗೊಂದು ಮಾತು: ಒಂದು ಕಡೆ ಬಡಿಸು, ಹಳೇ ಮೈಸೂರಿನ ಹಳ್ಳಿಗಳಲ್ಲಿ ಇಕ್ಕು, ನಮ್ಮ ಧಾರವಾಡದ ಕಡೆ ನೀಡು. ಇವಕ್ಕೆಲ್ಲ ಒಂದು 'ಕೊ' ಸೇರಿಸಿ ನೋಡಿ - ಬಡಿಸಿಕೊ, ಇಕ್ಕಿಕೊ, ನೀಡಿಕೊ. ಕೈ ಬದಲಾಯಿತು!

ಇದು ಸಣ್ಣ ಬದಲಾವಣೆಯೇನಲ್ಲ. ಮಡಿ-ಮೈಲಿಗೆ ಪಾಲಿಸುತ್ತಿದ್ದ ಮನೆಗಳಲ್ಲಿ ಉಣ್ಣುವ ಬಲಗೈ ಎಂಜಲು; ಆ ಕೈಯಿಂದ ಸೌಟು ಮುಟ್ಟುವಂತಿಲ್ಲ. ಹಾಗಾಗಿ ಬಡಿಸಲು ಒಬ್ಬರು ನಿಂತಿರಲೇಬೇಕು. ನಿಂತವರು ಯಾರು, ಎಲ್ಲರ ಊಟವಾದ ಮೇಲೆ ತಳ ಕೆರೆದು ಉಂಡವರು ಯಾರು ಎಂಬುದನ್ನು ನಾನು ಹೇಳಬೇಕಾಗಿಲ್ಲ.

ಈಗ ನಮ್ಮ ಮನೆಯ ಹೆಸರನ್ನು ಹೇಳುತ್ತೇನೆ. 1986ರ ಮಾತು. ಡೊಂಬಿವಲಿಯಲ್ಲಿ ಒಂದು ಕೋಣೆ, ಒಂದು ಅಡಿಗೆಮನೆ, ಜನ ಆರು. ಭಾನುವಾರ ರಾತ್ರಿ ಅವ್ವ ಖಡಕ್ ರೊಟ್ಟಿಯ ಡಬ್ಬಿ, ಶೇಂಗಾ ಚಟ್ನಿಪುಡಿ, ಮೊಸರು, ಮಧ್ಯಾಹ್ನದ ಝುಣಕ, ಒಗ್ಗರಣೆ ಹಾಕಿದ ಅನ್ನ ಇವನ್ನು ನಡುವೆ ಇಟ್ಟು ನಮ್ಮ ಜೊತೆಯಲ್ಲೇ ಕೂರುತ್ತಿದ್ದಳು. ವಾರದಲ್ಲಿ ಅವಳು ಎಲ್ಲರೊಂದಿಗೆ ಬಿಸಿ ಆರುವ ಮೊದಲು ಉಣ್ಣುತ್ತಿದ್ದುದು ಅದೊಂದೇ ಹೊತ್ತು. ನಾನು ಓದುತ್ತಿದ್ದ ಕನ್ನಡ ಶಾಲೆಯಲ್ಲಿ ಆಗಷ್ಟೇ ಸವರ್ಣದೀರ್ಘ ಸಂಧಿ ಹೇಳಿಕೊಟ್ಟಿದ್ದರು. ವಾರಕ್ಕೊಮ್ಮೆ ಬರುವ ಅನ್ನ; ವಾರ + ಅನ್ನ = ವಾರಾನ್ನ! ಹೊಸ ಶಬ್ದವನ್ನೇ ಹುಟ್ಟಿಸಿದ ಹೆಮ್ಮೆಯಿಂದ ತಟ್ಟೆ ಬಡಿದು ಕೂಗಿದೆ: "ವಾರಾನ್ನ ತಯಾರು, ಬರ್ರಿ!"

ಅಪ್ಪ ನನ್ನತ್ತ ಕಣ್ಣು ಬಿಟ್ಟರು. ಊರಿನಿಂದ ಬಂದು ನಮ್ಮೊಂದಿಗಿದ್ದ ಅಜ್ಜ ರೊಟ್ಟಿ ಮುರಿಯುತ್ತಿದ್ದವರು ಸುಮ್ಮನಾದರು. ಆಮೇಲೆ ಮೆಲ್ಲಗೆ, "ಆ ಶಬ್ದ ಮೊದಲಽ ಐತಿ ತಮ್ಮಾ" ಎಂದರು.

ನಿಮಗೆ ಗೊತ್ತಿರಲಿಕ್ಕಿಲ್ಲ, ಆದ್ದರಿಂದ ಹೇಳುತ್ತೇನೆ. ಹಿಂದೆ ಓದಲು ಪಟ್ಟಣಕ್ಕೆ ಬಂದ ಬಡ ಹುಡುಗರು ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಣ್ಣುತ್ತಿದ್ದರು. ಅದೇ ವಾರಾನ್ನ. ಮಹಾರಾಷ್ಟ್ರದಲ್ಲಿಯೂ ಈ ಪದ್ಧತಿ ಇತ್ತು. 'ವಾರ್ ಲಾವೂನ್ ಜೇವಣೆ' ಎಂದು ನಿಮ್ಮ ಮರಾಠಿ ಗೆಳೆಯರ ಅಜ್ಜಂದಿರು ಹೇಳಿಯಾರು. ಹೆಚ್ಚಾಗಿ ಸ್ವಜಾತಿಯ ಮನೆಗಳಲ್ಲಷ್ಟೇ ಇದು ಸಿಗುತ್ತಿತ್ತೆಂಬುದನ್ನೂ ಮರೆಯಬಾರದು. ಉಳಿದ ಅನೇಕರಿಗೆ ಮಠಗಳ ಉಚಿತ ವಿದ್ಯಾರ್ಥಿನಿಲಯಗಳು ಆಸರೆಯಾದವು.

ಅಜ್ಜ ಹಾಗೆ ಉಂಡು ಧಾರವಾಡದಲ್ಲಿ ಮೆಟ್ರಿಕ್ ಮುಗಿಸಿದವರು. ಆ ರಾತ್ರಿ ಮನೆಗಳನ್ನು ಬೆರಳೆಣಿಸಿ ಹೇಳಿದರು. ರವಿವಾರ ವಕೀಲರ ಮನೆ, ತುಪ್ಪ ಹಾಕುತ್ತಿದ್ದರು. ಸೋಮವಾರದ ಮನೆಯಲ್ಲಿ ಮೊದಲು ನಾಲ್ಕು ಕೊಡ ನೀರು ಸೇದಬೇಕು. ಮಂಗಳವಾರ ಮಾಸ್ತರರ ಮನೆ. ಬುಧವಾರದ ಮನೆಯ ಅಜ್ಜಿಗೆ ಕಣ್ಣು ಮಂಜು. ಆದರೂ ಎರಡನೇ ಸಲ ಕೇಳದೆ ನೀಡುತ್ತಿದ್ದವರು ಅವರೊಬ್ಬರೇ. ಗುರುವಾರ, ಶುಕ್ರವಾರದ ಮನೆಗಳೂ ಬಂದವು.

"ಶನಿವಾರ ಅಜ್ಜಾ?" ಎಂದೆ.

"ಶನಿವಾರ ಹನಮಪ್ಪಂದು. ಉಪಾಸ" ಎಂದು ನಕ್ಕರು. ನಾವೂ ನಕ್ಕೆವು.

ನಾನು ಆ ಹೆಸರನ್ನು ಮತ್ತೆ ಎತ್ತಲಿಲ್ಲ. ಮುಂದಿನ ಭಾನುವಾರ ಅಜ್ಜನೇ ತಟ್ಟೆ ಹಿಡಿದು ಬಂದು, "ಎಲ್ಲೈತಿ ನಿನ್ನ ವಾರಾನ್ನ?" ಎಂದರು. ಅವ್ವ ನೀಡಲು ಹೋದರೆ ತಡೆದರು. "ನೀ ಕೂಡವಾ. ಅಲ್ಲೆ ಇನ್ನಷ್ಟು ಬೇಕಂತ ಕೇಳೂಹಂಗ ಇರಲಿಲ್ಲ. ಇಲ್ಲೆ ನನ್ನ ಕೈಲೆ ನಾನಽ ನೀಡಿಕೋತೀನಿ." ಮೊಸರಿನ ಗಡಿಗೆಯಿಂದ ಎರಡು ಸೌಟು ಹಾಕಿಕೊಂಡರು; ಸ್ವಲ್ಪ ತಡೆದು ಇನ್ನೊಂದು. ಅಂದಿನಿಂದ ಅದೇ ಹೆಸರು ನಿಂತಿತು.

ಅಜ್ಜ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, ಒಂದು ದಿನ ಲೋಕಲ್ ಗಾಡಿಯಲ್ಲಿ ನಿಂತಿರುವಾಗ ಥಟ್ಟನೆ ಹೊಳೆಯಿತು: ಅಜ್ಜನಿಗೆ ಏಳನೆಯ ಮನೆ ಸಿಕ್ಕಿರಲೇ ಇಲ್ಲ. ಹನಮಪ್ಪನ ಮೇಲಿನ ಭಕ್ತಿಯಿಂದ ಮಾಡಿದ ಉಪವಾಸವಲ್ಲ ಅದು. ಕೇಳೋಣವೆಂದರೆ ಅವರಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ.

ಈಗ ಪುಣೆಯ ನಮ್ಮ ಫ್ಲ್ಯಾಟಿನಲ್ಲಿ ನನ್ನ ಮಗಳು ಗೆಳತಿಯರೊಂದಿಗೆ ಮರಾಠಿ, ಹಿಂದಿ, ಇಂಗ್ಲಿಷ್ ಮಾತಾಡುತ್ತಾಳೆ. ಕನ್ನಡ ಅವಳಿಗೆ ಮನೆಯೊಳಗಿನ ಮಾತಷ್ಟೇ. ಭಾನುವಾರ ರಾತ್ರಿ ಮಾತ್ರ ಎಷ್ಟು ಜನ ಗೆಳತಿಯರಿದ್ದರೂ "ಇವತ್ತು ವಾರಾನ್ನ, ಊಟಕ್ಕೆ ಇರ್ರೇ" ಎನ್ನುತ್ತಾಳೆ. ಅವಳಿಗೆ ಆರು ಮನೆಗಳ ಕಥೆಯನ್ನೂ ಹೇಳಿದ್ದೇನೆ, ಏಳನೆಯದನ್ನೂ ಹೇಳಿದ್ದೇನೆ.

ನಿಮ್ಮ ಮನೆಯ ಹೆಸರಿನ ಹಿಂದೆ ಬರೀ ತಮಾಷೆಯೇ ಇರಬಹುದು. ಇದ್ದರೆ ಒಳ್ಳೆಯದೇ, ನಕ್ಕುಬಿಡಿ. ಆದರೆ ಮುಂದಿನ ಭಾನುವಾರ ನಿಮ್ಮ ತಟ್ಟೆಗೆ ನೀವೇ ಬಡಿಸಿಕೊಂಡು, ಅಮ್ಮನ ತಟ್ಟೆಗೂ ಒಂದು ಸೌಟು ಬಡಿಸಿ, "ಈ ಹೆಸರು ಇಟ್ಟವರು ಯಾರು?" ಎಂದು ಕೇಳಿ ನೋಡಿ. ಮನೆಯಲ್ಲಿ ಅಜ್ಜ-ಅಜ್ಜಿ ಇದ್ದರೆ ಮೊದಲು ಅವರನ್ನೇ ಕೇಳಿ.