ಶಿಲ್ಪಿಗಳ ಮನೆಯ ಅಪ್ರಕಟಿತ ಸಾಹಿತ್ಯ

ನಮ್ಮ ದೇಶದಲ್ಲಿ ಕುಶಲಕರ್ಮಿಯ ಕೈಯನ್ನು ಹೊಗಳುವವರಿಗೆ ಬರವಿಲ್ಲ. ಆನಂದ ಕುಮಾರಸ್ವಾಮಿಯವರು 1909ರಲ್ಲಿಯೇ ಭಾರತೀಯ ಕುಶಲಕರ್ಮಿಯನ್ನು ಕುರಿತು ಗ್ರಂಥವನ್ನು ರಚಿಸಿ ಲೋಕದ ಕಣ್ಣನ್ನು ಅವನತ್ತ ತಿರುಗಿಸಿದರು. ಮಹಾತ್ಮಾ ಗಾಂಧಿಯವರು 1934ರಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘವನ್ನು ಸ್ಥಾಪಿಸಿ ಅವನ ಅನ್ನಕ್ಕೆ ದಾರಿಯನ್ನು ಹುಡುಕಿದರು. ಇವೆಲ್ಲವೂ ಸ್ತುತ್ಯವಾದ ಕಾರ್ಯಗಳೇ. ಆದರೆ ಆ ಕೈಯುಳ್ಳ ಮನುಷ್ಯನಿಗೆ ಒಂದು ಮನಸ್ಸೂ ಇರುವುದೆಂಬುದನ್ನು, ಆ ಮನಸ್ಸು ಒಮ್ಮೊಮ್ಮೆ ಉಳಿಯನ್ನು ಕೆಳಗಿಟ್ಟು ಲೇಖನಿಯನ್ನು ಹಿಡಿಯುವುದೆಂಬುದನ್ನು ನಾವು ವಿಚಾರಿಸಿದವರಲ್ಲ. ಈ ದಿನ ಆ ವಿಷಯವಾಗಿ ವಾಚಕರಲ್ಲಿ ಕೆಲವು ಮಾತುಗಳನ್ನು ಬಿನ್ನವಿಸಬೇಕಾಗಿದೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳು ಶಿಲ್ಪಿಯ ಶ್ರಮದಿಂದ ತುಂಬಿರುವ ನೆಲ. ಕಂಬದಹಳ್ಳಿಯ ಪಂಚಕೂಟ ಬಸದಿ, ನಾಗಮಂಗಲದ ಸೌಮ್ಯಕೇಶವ, ಹೊಸಹೊಳಲಿನ ಲಕ್ಷ್ಮೀನಾರಾಯಣ, ಕಿಕ್ಕೇರಿಯ ಬ್ರಹ್ಮೇಶ್ವರ, ಗೋವಿಂದನಹಳ್ಳಿಯ ಪಂಚಲಿಂಗೇಶ್ವರ, ತೊಣ್ಣೂರು ಮತ್ತು ಮೇಲುಕೋಟೆಯ ದೇವಾಲಯಗಳು ಯಾರಿಗೆ ಗೊತ್ತಿಲ್ಲ? ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಎದ್ದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕಾಳಗವು ಇಂದಿಗೂ ನಡೆಯುತ್ತಿರುವಂತೆ ಕಾಣುವುದು. ಗೆದ್ದವರ ಹೆಸರೂ ಸೋತವರ ಹೆಸರೂ ಚರಿತ್ರೆಯಲ್ಲಿವೆ. ಬಣ್ಣವನ್ನು ಅರೆದು ಕುಂಚವನ್ನು ಹಿಡಿದವರ ಹೆಸರನ್ನು ಮಾತ್ರ ಆ ಗೋಡೆ ಹೇಳುವುದಿಲ್ಲ.

ಪೂರ್ವಕಾಲದ ಶಿಲ್ಪಿಗಳು ಇಷ್ಟು ಮೂಕರಾಗಿರಲಿಲ್ಲ. ಹೊಯ್ಸಳರ ಕಾಲದ ರೂವಾರಿ ಮಲ್ಲಿತಮ್ಮನು ತನ್ನ ಹೆಸರನ್ನು ಕಲ್ಲಿನಲ್ಲಿ ಬಿಟ್ಟುಹೋಗಿರುವನು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ವಿಗ್ರಹಗಳ ಕೆಳಗೆ ಹೆಸರನ್ನಷ್ಟೇ ಕೊರೆದು ತೃಪ್ತರಾಗಲಿಲ್ಲ. ಎದುರಾಳಿ ಶಿಲ್ಪಿಗಳ ಗರ್ವವನ್ನು ಮುರಿಯುವವರು ತಾವೆಂದು ಕವಿಗಳ ಠೀವಿಯಿಂದ ಬಿರುದುಗಳನ್ನೂ ಬರೆದುಕೊಂಡರು. ತಂದೆಮಕ್ಕಳ ಈ ಬರಹವು ಚಿಕ್ಕದಾದರೂ ಸಾಹಿತ್ಯವೇ ಸರಿ. ಕಲ್ಲಿನ ಮೇಲಿದ್ದುದರಿಂದ ಅದು ಉಳಿಯಿತು. ರೈಸ್ ಸಾಹೇಬರು ಶಾಸನಗಳನ್ನು ಹುಡುಕಿಸಿ ಅಚ್ಚು ಹಾಕಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಪರಿಷ್ಕರಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟವು 1977ರಲ್ಲಿಯೂ ಏಳನೆಯದು 1979ರಲ್ಲಿಯೂ ಹೊರಬಂದು, ಈ ನಾಲ್ಕು ತಾಲ್ಲೂಕುಗಳ ಶಾಸನಗಳು ಯಾವ ಓದುಗನಿಗಾದರೂ ದೊರೆಯುವಂತಾಯಿತು. ಕಲ್ಲಿನ ಬರಹಕ್ಕೆ ಸಂದ ಈ ಗೌರವದಲ್ಲಿ ನೂರರಲ್ಲೊಂದು ಪಾಲಾದರೂ ಅದೇ ಕುಲದ ಮೊಮ್ಮಕ್ಕಳು ಕಾಗದದ ಮೇಲೆ ಬರೆದುದಕ್ಕೆ ಸಂದಿರುವುದೆ? ಇಲ್ಲವೆಂದು ಹೇಳಲು ನಮಗೆ ನಾಚಿಕೆಯಾಗುವುದು. ಏಕೆಂದರೆ ಆ ಅಪರಾಧದಲ್ಲಿ ನಮ್ಮದೂ ಒಂದು ಪಾಲಿರುವುದು.

ಹಲವು ವರ್ಷಗಳ ಹಿಂದೆ ನಾಗಮಂಗಲದ ಕಡೆಯ ವೃದ್ಧರಾದ ಲೋಹಶಿಲ್ಪಿಯೊಬ್ಬರು ನಮ್ಮ ಕಾರ್ಯಾಲಯಕ್ಕೆ ದಯಮಾಡಿಸಿದ್ದರು. ಮೇಣದಲ್ಲಿ ವಿಗ್ರಹವನ್ನು ತಿದ್ದಿ, ಮಣ್ಣು ಮೆತ್ತಿ, ಕಾಯಿಸಿ, ಮೇಣ ಹರಿದುಹೋದ ಜಾಗಕ್ಕೆ ಕರಗಿದ ಲೋಹವನ್ನು ಹೊಯ್ಯುವ ಕಸುಬು ಅವರ ಮನೆತನದ್ದು. ಕಂಕುಳಲ್ಲಿ ಪಂಚೆಯ ತುಂಡಿನಲ್ಲಿ ಸುತ್ತಿದ ಮೂರು ಪುಸ್ತಕಗಳಿದ್ದುವು. ಒಂದು ಅವರ ತಂದೆ ಬರೆದ ಬಯಲಾಟದ ಪ್ರಸಂಗ. ಒಂದು ತಾವೇ ಕಟ್ಟಿದ ಪದ್ಯಗಳು. ಮೂರನೆಯದು ಅವರ ಪತ್ನಿ ಹೇಳುತ್ತಿದ್ದ ಹಾಡುಗಳನ್ನು ಮಗಳು ಬರೆದುಕೊಂಡದ್ದು. “ಸ್ವಾಮಿ, ಅಚ್ಚು ಹಾಕಿಸಿಕೊಡಿ ಅಂತ ಕೇಳೋಕೆ ಬಂದಿಲ್ಲ. ಇದು ಸಾಹಿತ್ಯ ಹೌದೋ ಅಲ್ಲವೋ, ತಿಳಿದವರು ಒಂದು ಮಾತು ಹೇಳಿ” ಎಂದರು.

ಪಾಠಶಾಲೆಯಲ್ಲಿ ಛಂದಸ್ಸನ್ನು ಬಾಯಿಪಾಠ ಮಾಡಿದ ನಮ್ಮ ಪಾಂಡಿತ್ಯವು ಆ ದಿನ ಮುಂದೆ ಬಂದು ಕುಳಿತಿತು. ನಾಲ್ಕಾರು ಪತ್ರಗಳನ್ನು ತಿರುವಿದೆವು. ಪ್ರಾಸ ತಪ್ಪಿತ್ತು, ಗಣ ಕೆಟ್ಟಿತ್ತು. “ಆಚಾರ್ಯರೆ, ತಿದ್ದಬೇಕಾದದ್ದು ಬಹಳವಿದೆ” ಎಂದು ಹೇಳಿ ಪುಸ್ತಕಗಳನ್ನು ಹಿಂದಕ್ಕೆ ಸರಿಸಿದೆವು. ಅವರು “ಆಗಲಿ ಸ್ವಾಮಿ” ಎಂದಷ್ಟೇ ನುಡಿದು, ಗಂಟು ಕಟ್ಟಿಕೊಂಡು ಹೊರಟುಹೋದರು.

ಆ ಕೆಲವು ಪತ್ರಗಳಲ್ಲಿ ಓದಿದ ಎರಡು ಸಂಗತಿಗಳು ನಮ್ಮನ್ನು ಬಿಡಲಿಲ್ಲ. ಎರಕ ಹೊಯ್ಯುವುದರ ಹಿಂದಿನ ರಾತ್ರಿ ಶಿಲ್ಪಿಗೆ ನಿದ್ರೆ ಬಾರದೆ, ಅಚ್ಚಿನೊಳಗೆ ಎಲ್ಲಿ ಗಾಳಿ ನಿಂತಿರುವುದೋ, ತಿಂಗಳ ಶ್ರಮ ಒಂದು ಗಳಿಗೆಯಲ್ಲಿ ಹಾಳಾಗುವುದೋ ಎಂದು ಕುಲದೇವತೆಯನ್ನು ಬೇಡುವ ಪದ್ಯ ಒಂದು. ದೇವರಿಗೆಲ್ಲ ಕಣ್ಣು ತೆರೆಸುವ ಯಜಮಾನರಿಗೆ ಮನೆಯ ಸೂರು ಸೋರುವುದು ಮಾತ್ರ ಕಾಣದೆಂದು ಹೆಂಡತಿ ನಗೆಯಾಡುವ ಹಾಡು ಇನ್ನೊಂದು. ಬಹು ಕಾಲದ ಮೇಲೆ ಮನಸ್ಸು ತಡೆಯದೆ ಹೇಳಿಕಳುಹಿಸಿದಾಗ ಬಂದ ಉತ್ತರವು ಚಿಕ್ಕದಾಗಿತ್ತು. ಆ ಹಿರಿಯರು ಕಾಲವಾಗಿದ್ದರು. ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟಿಸುವಾಗ ಅಟ್ಟದ ಮೇಲಿನ ಕಾಗದಗಳೆಲ್ಲ ಬಚ್ಚಲೊಲೆಗೆ ಹೋಗಿದ್ದುವು. ಮೇಣ ಕರಗಿದರೆ ಅದರ ರೂಪವು ಲೋಹದಲ್ಲಿ ಉಳಿಯುವುದು. ಈ ಬರಹ ಉರಿದು ಹೋದುದಕ್ಕೆ ಯಾವ ರೂಪವೂ ಉಳಿಯಲಿಲ್ಲ.

ಛಂದಸ್ಸು ಬೇಡವೆಂದು ನಾವು ವಾದಿಸುತ್ತಿಲ್ಲ. ಆದರೆ ಎರಕದ ಹಿಂದಿನ ರಾತ್ರಿಯ ಭಯವನ್ನು ಯಾವ ಆಸ್ಥಾನಕವಿ ಬರೆಯಬಲ್ಲನು? ಇಟಲಿಯ ಮಹಾಶಿಲ್ಪಿ ಮೈಕೆಲಾಂಜೆಲೋ ದೇವಾಲಯದ ಮೇಲ್ಛಾವಣಿಗೆ ಚಿತ್ರ ಬರೆಯುವಾಗ ತನ್ನ ಕತ್ತೂ ಬೆನ್ನೂ ಪಟ್ಟ ಪಾಡನ್ನು ಹಾಸ್ಯಮಾಡಿ ಪದ್ಯ ಕಟ್ಟಿದನು. ಅವನು ತೀರಿಕೊಂಡದ್ದು 1564ರಲ್ಲಿ. ಅವನ ಕವಿತೆಗಳನ್ನು ತಮ್ಮನ ಮೊಮ್ಮಗನು ಪುಸ್ತಕವಾಗಿ ಪ್ರಕಟಿಸಿದ್ದು 1623ರಲ್ಲಿ, ಅದೂ ಮನಬಂದಂತೆ ತಿದ್ದಿ. ಮೂಲಪಾಠವು ಬೆಳಕು ಕಾಣಲು 1863ರವರೆಗೆ ಕಾಯಬೇಕಾಯಿತು. ಲಂಡನ್ನಿನ ಕೆತ್ತನೆಗಾರ ವಿಲಿಯಂ ಬ್ಲೇಕನ ಕೈಬರಹದ ಪುಸ್ತಕವೊಂದು ಅವನು ಗತಿಸಿದ ಇಪ್ಪತ್ತು ವರ್ಷಗಳ ಮೇಲೆ, 1847ರಲ್ಲಿ, ಹತ್ತು ಷಿಲ್ಲಿಂಗಿಗೆ ಮಾರಾಟವಾಯಿತು. ಕೊಂಡವನು ತಾನೇ ಕವಿಯೂ ಚಿತ್ರಕಾರನೂ ಆದ ರೊಸೆಟ್ಟಿಯಾದುದರಿಂದ ಅದು ಉಳಿಯಿತು. ಅಲ್ಲಿಯೂ ವಿದ್ವಾಂಸರಿಗಿಂತ ಮೊದಲು ಕಾಪಾಡಿದ್ದು ಅದೃಷ್ಟವೇ.

ನಮ್ಮ ನಾಡಿನ ದೃಷ್ಟಾಂತವು ಇದಕ್ಕಿಂತಲೂ ಹಿರಿದು. ಹನ್ನೆರಡನೆಯ ಶತಮಾನದಲ್ಲಿ ಮರಗೆಲಸದ ಬಾಚಿಕಾಯಕದ ಬಸವಯ್ಯನೂ ವಚನಕಾರನು. ಅವನ ಪತ್ನಿ ಕಾಳವ್ವೆಯೂ ವಚನಕಾರ್ತಿ. ಕಟ್ಟಿಗೆಯ ಕಾಯಕದ ಮೋಳಿಗೆಯ ಮಾರಯ್ಯ, ಮಹಾದೇವಿಯರ ಮಾತೂ ಹಾಗೆಯೇ. ಈ ದಂಪತಿಗಳ ಮಾತುಗಳು ಶತಮಾನಗಳ ಕಾಲ ಮಠಗಳ, ಮನೆಗಳ ಗಂಟುಗಳಲ್ಲಿ ಕಟ್ಟಿಬಿದ್ದಿದ್ದುವು. ಫ. ಗು. ಹಳಕಟ್ಟಿಯವರು ವಕೀಲಿಯ ಗಳಿಕೆಯನ್ನೂ ಸ್ವಂತ ಮನೆಯನ್ನೂ ಲೆಕ್ಕಿಸದೆ ಊರೂರು ಅಲೆದು ತಾಳೆಯೋಲೆಗಳನ್ನು ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ಇನ್ನು ನಮ್ಮ ಶ್ರೀರಂಗಪಟ್ಟಣದಲ್ಲಿಯೇ ಚಿಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿಯನ್ನು ಹಿಡಿಯುತ್ತಿದ್ದ ಹೊನ್ನಮ್ಮನು ಹದಿಬದೆಯ ಧರ್ಮವನ್ನು ಬರೆದಳು. ರಾಣಿ ದೇವಾಜಮ್ಮಣ್ಣಿಯವರು ಅವಳ ಪ್ರತಿಭೆಯನ್ನು ಗುರುತಿಸಿದರು. ವಿದ್ವಾಂಸನಾದ ಸಿಂಗರಾರ್ಯನು ಅವಳಿಗೆ ಗುರುವಾದನು. ಕೇಳುವವರು ಇದ್ದುದರಿಂದ ಒಬ್ಬ ಊಳಿಗದ ಹೆಂಗಸಿನ ಕಾವ್ಯವು ಕನ್ನಡಕ್ಕೆ ದಕ್ಕಿತು.

ಈ ಸೀಮೆಯಲ್ಲಿ ಕೇಳುವವರು ಆಮೇಲೆ ಹುಟ್ಟಲಿಲ್ಲವೆಂದಲ್ಲ. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಜನಿಸಿದ ಎಚ್. ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನೂ, ಆ ಬಳಿಕ ರಾಮನಗರದ ಬಳಿ ಜಾನಪದ ಲೋಕವನ್ನೂ ಕಟ್ಟಿದರು. ಅದೇ ತಾಲ್ಲೂಕಿನವರಾದ ಜೀ. ಶಂ. ಪರಮಶಿವಯ್ಯನವರು ವೃತ್ತಿಗಾಯಕರ ಮಹಾಕಾವ್ಯಗಳನ್ನು ಕಿವಿಗೊಟ್ಟು ಕೇಳಿ ಬರೆದಿಟ್ಟರು. ಬಾಯಿಯ ಸಾಹಿತ್ಯಕ್ಕೆ ಹೀಗೆ ರಕ್ಷಕರು ದೊರೆತರು. ಓಲೆಯ ಸಾಹಿತ್ಯಕ್ಕೆ 1891ರಿಂದ ಮೈಸೂರಿನ ಪ್ರಾಚ್ಯ ಗ್ರಂಥಾಲಯವಿರುವುದು. ಇವೆರಡರ ನಡುವೆ ಬಿದ್ದುಹೋದದ್ದು ಶಿಲ್ಪಿಯ, ಅಕ್ಕಸಾಲಿಗನ, ಚಿತ್ರಗಾರನ ಮನೆಯ ನೋಟುಪುಸ್ತಕ. ಪಂಡಿತರಿಗೆ ಅದು ಸಾಕಷ್ಟು ಪ್ರೌಢವಲ್ಲ. ಬರಹದಲ್ಲಿರುವುದರಿಂದ ಜಾನಪದರಿಗೆ ಅದು ಸಾಕಷ್ಟು ಜಾನಪದವಲ್ಲ. ಇಬ್ಬರೂ ಬಿಟ್ಟ ಮೇಲೆ ಅದು ಗೆದ್ದಲಿನ ಪಾಲಾಗದೆ ಇನ್ನೇನಾದೀತು?

ಅಧಿಕಾರಿವರ್ಗದವರು ಒಂದು ಅಂಶವನ್ನು ಗಮನಿಸಬೇಕು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಶಾಸನದ ಪ್ರಕಾರ, ಸಾಹಿತ್ಯಿಕವಾಗಿಯೋ ಚಾರಿತ್ರಿಕವಾಗಿಯೋ ಬೆಲೆಯುಳ್ಳ ಹಸ್ತಪ್ರತಿಯು ಎಪ್ಪತ್ತೈದು ವರ್ಷಗಳಷ್ಟು ಹಳೆಯದಾದರೆ ಪ್ರಾಚ್ಯವಸ್ತುವೇ ಆಗುವುದು. ಎಂದರೆ ಸ್ವಾತಂತ್ರ್ಯ ಬಂದ ಕಾಲದಲ್ಲಿ ಅಜ್ಜನು ಬರೆದ ಆಟದ ಪ್ರಸಂಗವು ಇಂದು ಈ ವಯಸ್ಸನ್ನು ದಾಟಿರುವುದು. ದೇವಾಲಯದ ವಿಗ್ರಹ ಕಳುವಾದರೆ ಪೋಲೀಸರು ಓಡುವರು. ಅದನ್ನು ಮಾಡಿದವನ ಮಾತು ಒಲೆಗೆ ಹೋದರೆ ಕೇಳುವವರಿಲ್ಲ.

ಆದುದರಿಂದ ನಮ್ಮ ಸೂಚನೆಗಳು ಇಷ್ಟೆ. ನಾಲ್ಕು ತಾಲ್ಲೂಕುಗಳ ಉಪಾಧ್ಯಾಯರೂ ಕಾಲೇಜಿನ ವಿದ್ಯಾರ್ಥಿಗಳೂ ಕಸುಬಿನ ಮನೆಗಳಿಗೆ ಹೋಗಿ, ಬರೆದವರು ಯಾರು, ಎಷ್ಟು ಪುಸ್ತಕ, ಏನು ವಿಷಯ ಎಂದು ಪಟ್ಟಿ ಮಾಡಲಿ. ಹೆಂಗಸರು ಕಟ್ಟಿದ ಹಾಡುಗಳನ್ನು ಯಜಮಾನರ ಹೆಸರಿಗೆ ಬರೆಯದೆ ಅವರವರ ಹೆಸರಿನಲ್ಲಿಯೇ ಬರೆಯಲಿ. ಮೂಲವನ್ನು ಮನೆಯಿಂದ ಕೊಂಡೊಯ್ಯುವುದು ಬೇಡ. ಜೇಬಿನಲ್ಲಿರುವ ಮೊಬೈಲಿನಿಂದಲೇ ಪತ್ರಪತ್ರವಾಗಿ ಛಾಯಾಚಿತ್ರ ತೆಗೆದು ಒಂದು ಪ್ರತಿಯನ್ನು ತಾಲ್ಲೂಕಿನ ಗ್ರಂಥಾಲಯದಲ್ಲಿಡಬಹುದು. ಪುರಸಭೆಗಳೂ ಜಿಲ್ಲಾ ಪಂಚಾಯತಿಯೂ ಒಂದು ಸನ್ಮಾನ ಸಮಾರಂಭದ ಹಾರ ತುರಾಯಿಗಳಿಗೆ ತಗಲುವ ಹಣವನ್ನು ಇದಕ್ಕೆ ಕೊಟ್ಟರೆ ಕಾರ್ಯವು ಆರಂಭವಾಗುವುದು. ಹಳೆಯ ಮನೆಯನ್ನು ಕೆಡವುವವರು ಅಟ್ಟದ ಗಂಟನ್ನು ಬಿಚ್ಚಿ ನೋಡದೆ ಒಲೆಗೆ ಹಾಕಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ.

ನಮ್ಮ ಮಟ್ಟಿಗೆ, ಅಂತಹ ಬರಹಗಳಿಗಾಗಿ ಈ ಪುಟದಲ್ಲಿ ವಾರಕ್ಕೊಂದು ಅಂಕಣವನ್ನು ಬಿಡುವೆವು. ಪ್ರಾಸ ತಪ್ಪಿದ್ದರೆ ತಪ್ಪಿದಂತೆಯೇ ಅಚ್ಚಾಗಲಿ. “ಇದು ಸಾಹಿತ್ಯ ಹೌದೋ ಅಲ್ಲವೋ” ಎಂದು ಕೇಳಿದ ಆ ಹಿರಿಯರಿಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಈಗ ಕೊಡುತ್ತಿದ್ದೇವೆ: ಹೌದು, ಆಚಾರ್ಯರೆ. ತಡವಾಯಿತು, ಕ್ಷಮಿಸಬೇಕು.