ಹುಳದ ಹೊಟ್ಟೆಯ ಬಾಡಿಗೆದಾರರು

ಬಳ್ಳಾರಿ ರಸ್ತೆ ಹಿಡಿದು ವಿಮಾನ ನಿಲ್ದಾಣಕ್ಕೆ ಹೋಗುವವರು ಹೆಬ್ಬಾಳದ ಟ್ರಾಫಿಕ್ಕನ್ನು ಶಪಿಸುತ್ತಾರೆಯೇ ಹೊರತು, ಅಲ್ಲೇ ಇರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೊ ಕಡೆ ಕಣ್ಣು ಹಾಯಿಸುವುದು ಕಡಿಮೆ. 1993ರಲ್ಲಿ ಜೈವಿಕ ನಿಯಂತ್ರಣ ಯೋಜನಾ ನಿರ್ದೇಶನಾಲಯವಾಗಿದ್ದ ಸಂಸ್ಥೆಗೆ ಈಗಿನ ಹೆಸರು ಬಂದದ್ದು 2014ರಲ್ಲಿ. ಪಪ್ಪಾಯಿ, ಹಿಪ್ಪುನೇರಳೆ ತೋಟಗಳನ್ನು ಹಿಟ್ಟು ತಿಗಣೆ ಹಾಳುಗೆಡವುತ್ತಿದ್ದಾಗ, 2010ರಲ್ಲಿ ಪೋರ್ಟೊರಿಕೊದಿಂದ ಪುಟ್ಟ ಪರತಂತ್ರ ಕಣಜಗಳನ್ನು ತರಿಸಿ, ಸಾಕಿ, ಹಂಚಿ ಅದನ್ನು ಹದ್ದುಬಸ್ತಿಗೆ ತಂದವರು ಇಲ್ಲಿಯವರೇ.

ಅಷ್ಟಾಗಿ ಸುದ್ದಿಯಾಗದ ಇನ್ನೊಂದು ಕೆಲಸವೂ ಇಲ್ಲಿ ನಡೆದಿದೆ: ಹುಳದ ಕರುಳಿನಲ್ಲಿ ಬಾಡಿಗೆಗಿರುವ ಬ್ಯಾಕ್ಟೀರಿಯಾಗಳ ವಿಚಾರಣೆ.

ಎಲೆಕೋಸು ಬೆಳೆಯುವವರಿಗೆ ವಜ್ರಬೆನ್ನಿನ ಪತಂಗದ ಕಾಟ ಗೊತ್ತು. ಯಾವ ಔಷಧಿ ಹೊಡೆದರೂ ಕೆಲವೇ ವರ್ಷಗಳಲ್ಲಿ ಅದಕ್ಕೆ ಒಗ್ಗಿಹೋಗುವ ಹುಳ ಇದು. 1953ರಷ್ಟು ಹಿಂದೆಯೇ ಜಾವಾದಲ್ಲಿ ಡಿಡಿಟಿಗೂ ಜಗ್ಗಲಿಲ್ಲ. ಹುಳದ ವಂಶವಾಹಿಗಳು ಬದಲಾಗುವುದೇ ಇದಕ್ಕೆ ಮುಖ್ಯ ಕಾರಣ, ನಿಜ. ಆದರೆ ಹೆಬ್ಬಾಳದ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಅಧ್ಯಯನಗಳು ಬೇರೊಂದು ಕೈವಾಡವನ್ನೂ ತೋರಿಸಿದವು. ಈ ಹುಳದ ಕರುಳಿನಿಂದ ಬೇರ್ಪಡಿಸಿದ ಬ್ಯಾಸಿಲಸ್ ಸೀರಿಯಸ್‌ನಂಥ ಬ್ಯಾಕ್ಟೀರಿಯಾಗಳು ಅಸಿಫೇಟ್, ಇಂಡಾಕ್ಸಾಕಾರ್ಬ್ ಕೀಟನಾಶಕಗಳನ್ನು ಒಡೆಯಬಲ್ಲವು. ಒಡೆಯುವ ಆಯುಧ ಎಸ್ಟರೇಸ್ ಎಂಬ ಕಿಣ್ವ. ಪ್ರಯೋಗಾಲಯದ ತಟ್ಟೆಯಲ್ಲಿ ಕಂಡದ್ದು ಹೊಲದಲ್ಲೂ ಅಷ್ಟೇ ಪ್ರಮಾಣದಲ್ಲಿ ನಡೆಯುತ್ತದೆ ಎನ್ನುವುದು ಆತುರವಾದೀತು.

ಜಪಾನಿನ ಸಾಕ್ಷ್ಯ ಇನ್ನೂ ಗಟ್ಟಿ. ಅಲ್ಲಿ ಅವರೆ ಜಾತಿಯ ಬೆಳೆಗಳ ರಸ ಹೀರುವ ತಿಗಣೆಯೊಂದು ಪ್ರತಿ ಪೀಳಿಗೆಯಲ್ಲೂ ಬರ್ಕೋಲ್ಡೇರಿಯಾ ಎಂಬ ಬ್ಯಾಕ್ಟೀರಿಯಾವನ್ನು ಮಣ್ಣಿನಿಂದ ಹೊಸದಾಗಿ ನುಂಗುತ್ತದೆ. ಫೆನಿಟ್ರೋಥಿಯಾನ್ ಎಂಬ ಕೀಟನಾಶಕ ಮತ್ತೆ ಮತ್ತೆ ಬಿದ್ದ ಮಣ್ಣಿನಲ್ಲಿ ಆ ವಿಷವನ್ನೇ ತಿಂದು ಬದುಕುವ ತಳಿಗಳು ಹೆಚ್ಚುತ್ತವೆ. ಅವನ್ನು ನುಂಗಿದ ತಿಗಣೆ ಒಂದೇ ಪೀಳಿಗೆಯಲ್ಲಿ ವಿಷ ಜಯಿಸುತ್ತದೆ ಎಂದು 2012ರಲ್ಲಿ ತಿಳಿಯಿತು. ಅಂದರೆ ನಾವು ಕೊಲ್ಲಲೆಂದು ಸುರಿದದ್ದೇ ಕೀಟಕ್ಕೆ ಕವಚ ಹೊಲಿದುಕೊಟ್ಟಿತು! ಔಷಧಿ ಅಂಗಡಿಯವರು ‘ಡೋಸ್ ಜಾಸ್ತಿ ಮಾಡಿ’ ಎಂದಾಗಲೆಲ್ಲ ನನಗೆ ಈ ತಿಗಣೆಯ ನೆನಪಾಗುತ್ತದೆ.

ಕರುಳಿನ ಎಲ್ಲ ಬ್ಯಾಕ್ಟೀರಿಯಾಗಳೂ ತಟ್ಟೆಯಲ್ಲಿ ಬೆಳೆಯುವುದಿಲ್ಲ, ಡಿಎನ್‌ಎ ಓದಿಯೇ ಅವುಗಳ ಗುರುತು ಹಿಡಿಯಬೇಕು. ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕ್‌ನ ಪ್ಯಾಸಿಫಿಕ್ ಬಯೋಸೈನ್ಸಸ್ ಕಂಪನಿಯ ಯಂತ್ರಗಳು ಗುರುತಿಗೆ ಬೇಕಾದ ಸುಮಾರು 1,500 ಅಕ್ಷರಗಳ ಜೀನನ್ನು ತುಂಡರಿಸದೆ ಇಡಿಯಾಗಿ ಓದುತ್ತವೆ. ಹೀಗೆ ಓದಿದಾಗ ಹತ್ತಿರದ ಸಂಬಂಧಿಗಳನ್ನೂ ಬೇರೆ ಬೇರೆಯಾಗಿ ಗುರುತಿಸುವುದು ಸುಲಭ.

ಇದೆಲ್ಲದರಿಂದ ರೈತನಿಗೇನು ಲಾಭ? ನನ್ನ ಮಟ್ಟಿಗೆ ಹೆಚ್ಚು ಭರವಸೆ ಹುಟ್ಟಿಸುವುದು ಹಣ್ಣುನೊಣದ ವಿಷಯ. ಶ್ರೀನಿವಾಸಪುರದಂಥ ಮಾವಿನ ಸೀಮೆಗಳಲ್ಲಿ ನೇತುಹಾಕುವ ಮೀಥೈಲ್ ಯೂಜಿನಾಲ್ ಬಲೆಗೆ ಬೀಳುವುದು ಗಂಡು ನೊಣಗಳು ಮಾತ್ರ. ಹಣ್ಣಿಗೆ ಚುಚ್ಚಿ ಮೊಟ್ಟೆಯಿಡುವುದು ಹೆಣ್ಣು. ನೊಣದ ಕರುಳಿನದೇ ಕೆಲವು ಬ್ಯಾಕ್ಟೀರಿಯಾಗಳು ಹೊಮ್ಮಿಸುವ ವಾಸನೆಗೆ ಹೆಣ್ಣುಗಳೂ ಹತ್ತಿರ ಬರುತ್ತವೆ. ಆ ವಾಸನೆಯನ್ನು ಮಾವಿನ ತೋಪಿನ ಬಿಸಿಲಲ್ಲೂ ವಾರಗಟ್ಟಲೆ ಉಳಿಯುವಂತೆ, ಅಗ್ಗವಾಗಿ ಬಲೆಗೆ ತುಂಬುವುದು ಈಗ ಆಗಬೇಕಾದ ಕೆಲಸ.