ಕಾಯಿ ಹಣ್ಣಾಗುವ ಆಟ, ಹಣ್ಣಾಗದ ಆಟ



ಆಟ ಅಂದರೆ ಯಾರಿಗೆ ತಾನೇ ಆಸೆ ಇಲ್ಲ? ಶಾಲೆ ಬಿಡುವ ಗಂಟೆ ಹೊಡೆಯೋದೇ ತಡ, ಕಾಲು ನಿಲ್ಲೋದಿಲ್ಲ. ಆದರೆ ಈಗ ಆಟ ಅಂದರೆ ಕೈಯಲ್ಲಿ ಮೊಬೈಲು ಇರಬೇಕು ಅನ್ನುವ ಹಾಗಾಗಿದೆ. ಕೆರೆ ಏರಿ ಮೇಲೆ ನಾಲ್ಕು ಜನ ಸಾಲಾಗಿ ಕೂತಿರುತ್ತಾರೆ, ಒಬ್ಬರ ಮುಖ ಒಬ್ಬರು ನೋಡೋದಿಲ್ಲ. ಮನೆಯಲ್ಲಿ ದೊಡ್ಡವರು "ಮಡಗ್ಲಾ ಅದನ್ನ ಅತ್ಲಾಗೆ" ಅಂತಾರೆ. ನಾವು "ಇನ್ನೊಂದೇ ಒಂದು ಆಟ ಕಣವ್ವ" ಅಂತೀವಿ. ಈ ಜಗಳ ದಿನಾ ನಡೆಯುತ್ತದೆ. ಆದರೆ ಆ "ಇನ್ನೊಂದು ಆಟ" ಮುಗಿಯುವುದು ಯಾವಾಗ ಅಂತ ಯಾರೂ ಕೇಳುವುದಿಲ್ಲ. ವಿಡಿಯೋ ಗೇಮ್‌ನ ಸಂತೋಷವೂ ಅದರ ತೊಂದರೆಯೂ ಈ ಒಂದು ಪ್ರಶ್ನೆಯಲ್ಲಿ ಇವೆ. ಅದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲು ಚೌಕಾಬಾರ

ವಿಡಿಯೋ ಗೇಮ್ ಅಂತ ಹೇಳಿ ಚೌಕಾಬಾರ ಯಾಕೆ ಅಂತ ನಗಬೇಡಿ. ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೈದು ಮನೆ ಬರೆದು ಆಡುವ ಆಟ ಇದು. ನಾಲ್ಕು ಕವಡೆ ಬೇಕು, ಇಲ್ಲದಿದ್ದರೆ ಒಂದು ಮಗ್ಗುಲು ಉಜ್ಜಿದ ಹುಣಿಸೆ ಬೀಜ ಸಾಕು. ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ 4. ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ 8. ನಮ್ಮ ಕಾಯಿ ಹೊರಸುತ್ತು ಹೋಗಬೇಕು. ಎದುರಾಳಿಯ ಒಂದು ಕಾಯನ್ನಾದರೂ ಹೊಡೆದ ಮೇಲೆ ಒಳಸುತ್ತಿಗೆ ನುಗ್ಗಬೇಕು. ಆಮೇಲೆ ನಡುಮನೆ ಸೇರಬೇಕು. ನಡುಮನೆ ಸೇರಿದ ಕಾಯಿಗೆ "ಹಣ್ಣಾಯ್ತು" ಅಂತೀವಿ. ಎಲ್ಲಾ ಕಾಯಿ ಹಣ್ಣಾದವರು ಗೆದ್ದರು, ಆಟ ಮುಗಿಯಿತು.

ಇದರಲ್ಲಿ ಎರಡು ಗುಣಗಳಿವೆ. ಒಂದು, ಆಟಕ್ಕೆ ಕೊನೆ ಇದೆ. ಎರಡು, ಎದುರಿಗೆ ಒಬ್ಬರು ಕೂತಿರುತ್ತಾರೆ. ಇವೆರಡನ್ನು ಸೆರಗಿಗೆ ಗಂಟು ಹಾಕಿಕೊಂಡು ಮುಂದೆ ಓದಿ.

ಆಟದ ಹುಚ್ಚು ನಮ್ಮ ಸೀಮೆಗೆ ಹೊಸದೇನಲ್ಲ. ಮೈಸೂರಿನ ಅರಸರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ತಾವೇ ಹೊಸ ಹೊಸ ಹಲಗೆ ಆಟಗಳನ್ನೂ ಗಂಜೀಫಾ ಎಲೆಯಾಟಗಳನ್ನೂ ರಚಿಸಿದ್ದರು. ಆದ್ದರಿಂದ ಆಟ ಕಂಡರೆ ಆಸೆಪಡುವುದು ತಪ್ಪಲ್ಲ.

ಪ್ರದರ್ಶನದಲ್ಲಿ ಹುಟ್ಟಿದ ಆಟ

ನಮ್ಮ ಶಾಲೆಗಳಲ್ಲಿ ವಿಜ್ಞಾನ ವಸ್ತುಪ್ರದರ್ಶನ ಇಡುತ್ತೇವಲ್ಲ, ಅಂಥದ್ದೇ ಒಂದು ಪ್ರದರ್ಶನ 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ನಡೆಯಿತು. ಬಂದವರಿಗೆ ಬೇಸರವಾಗಬಾರದು ಅಂತ ವಿಲಿಯಂ ಹಿಗಿನ್‌ಬಾಥಮ್ ಎಂಬ ವಿಜ್ಞಾನಿ ವಿದ್ಯುತ್ ಅಲೆಗಳನ್ನು ತೋರಿಸುವ ಒಂದು ಚಿಕ್ಕ ಪರದೆಯ ಮೇಲೆ ಟೆನಿಸ್ ಆಟ ಮಾಡಿಟ್ಟರು. ಬೆಳಕಿನ ಚುಕ್ಕಿಯೇ ಚೆಂಡು. ಜನ ಸಾಲುಗಟ್ಟಿ ನಿಂತು ಆಡಿದರು. 1962ರಲ್ಲಿ ಎಂ.ಐ.ಟಿ. ಎಂಬ ವಿದ್ಯಾಸಂಸ್ಥೆಯ ಹುಡುಗರು ದೊಡ್ಡ ಕಂಪ್ಯೂಟರಿನಲ್ಲಿ 'ಸ್ಪೇಸ್‌ವಾರ್' ಎಂಬ ಆಟ ಮಾಡಿದರು. ಗಮನಿಸಿ, ಈ ಎರಡೂ ಇಬ್ಬರು ಕೂತು ಆಡುವ ಆಟಗಳು. ಅಲ್ಲಿಂದ ವಿಡಿಯೋ ಗೇಮ್ ನಾಲ್ಕು ಕಡೆ ಮನೆ ಮಾಡಿತು. ಒಂದೊಂದಾಗಿ ನೋಡೋಣ.

1. ನಾಣ್ಯ ಹಾಕುವ ಯಂತ್ರ

1972ರಲ್ಲಿ ಅಟಾರಿ ಎಂಬ ಕಂಪನಿ 'ಪಾಂಗ್' ಎಂಬ ಯಂತ್ರ ಮಾಡಿ ಕ್ಯಾಲಿಫೋರ್ನಿಯಾದ ಒಂದು ಪಾನಗೃಹದಲ್ಲಿ ಇಟ್ಟಿತು. ಸ್ವಲ್ಪ ದಿನಕ್ಕೇ ಯಂತ್ರ ನಿಂತುಹೋಯಿತು. ಹೋಗಿ ಬಿಚ್ಚಿ ನೋಡಿದರೆ ಒಳಗೆ ನಾಣ್ಯ ತುಂಬಿ ತುಳುಕುತ್ತಿತ್ತಂತೆ!

1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾಡೊ 'ಸ್ಪೇಸ್ ಇನ್ವೇಡರ್ಸ್' ಮಾಡಿದರು. ಮೇಲಿಂದ ಸಾಲು ಸಾಲಾಗಿ ಶತ್ರುಗಳು ಇಳಿದು ಬರುತ್ತವೆ. ಒಂದೊಂದೇ ಹೊಡೆದಂತೆ ಉಳಿದವು ಜೋರಾಗಿ ಓಡುತ್ತವೆ. ಯಾಕೆ ಗೊತ್ತಾ? ಅಷ್ಟೊಂದು ಚಿತ್ರಗಳನ್ನು ಒಟ್ಟಿಗೆ ಬರೆಯಲು ಆ ಕಾಲದ ಯಂತ್ರಕ್ಕೆ ಕಷ್ಟವಾಗುತ್ತಿತ್ತು. ಚಿತ್ರ ಕಡಿಮೆಯಾದಂತೆ ಅದರ ಕೆಲಸ ಹಗುರವಾಗಿ ವೇಗ ಹೆಚ್ಚುತ್ತಿತ್ತು. ಯಂತ್ರದ ಈ ಕೊರತೆಯೇ ಆಟದ ರುಚಿಯಾಯಿತು.

ಈಗಲೂ ಮೈಸೂರು, ಬೆಂಗಳೂರಿನ ಮಾಲ್‌ಗಳಲ್ಲಿ ಇಂಥ ಆಟದ ಅಂಗಡಿಗಳಿವೆ. ನಾಣ್ಯದ ಬದಲು ಕಾರ್ಡು ಉಜ್ಜುತ್ತಾರೆ, ಅಷ್ಟೇ. ಇಲ್ಲಿ ಆಟ ಮುಗಿಯುವುದು ಕಾಸು ಮುಗಿದಾಗ. ಜೊತೆಗೆ ಹಿಂದೆ ನಿಂತವರು "ಸಾಕು ಬಾರಪ್ಪಾ, ನಮ್ದು ಸರದಿ" ಅಂತ ಎಬ್ಬಿಸುತ್ತಾರೆ.

2. ಟಿ.ವಿ.ಗೆ ಜೋಡಿಸುವ ಪೆಟ್ಟಿಗೆ

ಇದನ್ನು ಕನ್ಸೋಲ್ ಎನ್ನುತ್ತಾರೆ. ಆಟಕ್ಕೆಂದೇ ಮಾಡಿದ ಕಂಪ್ಯೂಟರ್ ಇದು. ಮೊದಲನೆಯದು 1972ರಲ್ಲಿ ಬಂದ 'ಒಡಿಸ್ಸಿ', ಅದನ್ನು ರೂಪಿಸಿದವರು ರಾಲ್ಫ್ ಬೇರ್. 1983ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ತನ್ನ ಪ್ರಸಿದ್ಧ ಪೆಟ್ಟಿಗೆ ತಂದಿತು. ಅದರ ನಕಲು ಪೆಟ್ಟಿಗೆಗಳು 1990ರ ದಶಕದಲ್ಲಿ ನಮ್ಮ ದೇಶದ ಪೇಟೆಗಳಿಗೆ ಬಂದವು. ನಮ್ಮ ಚಿಕ್ಕಪ್ಪ, ಮಾವಂದಿರನ್ನು ಕೇಳಿ ನೋಡಿ. ಕ್ಯಾಸೆಟ್ ಊದಿ ಹಾಕಿ ಮಾರಿಯೋ, ಕಾಂಟ್ರಾ ಆಡಿದ ಕಥೆ ಹೇಳುತ್ತಾರೆ.

ಅದರಲ್ಲಿ ಬಾತುಕೋಳಿ ಹೊಡೆಯುವ ಆಟ ಒಂದಿತ್ತು (1984). ಪ್ಲಾಸ್ಟಿಕ್ ಬಂದೂಕನ್ನು ಟಿ.ವಿ.ಗೆ ಗುರಿ ಇಟ್ಟು ಒತ್ತಿದರೆ ಹಕ್ಕಿ ಬೀಳುತ್ತಿತ್ತು. ಬಂದೂಕಿನಿಂದ ಏನೋ ಕಿರಣ ಹೋಗುತ್ತೆ ಅಂತ ಎಲ್ಲರೂ ತಿಳಿಯುತ್ತಿದ್ದರು. ನಿಜ ಅದರ ತಿರುಗಾಮುರುಗಾ! ಬಂದೂಕು ಬೆಳಕು ಬಿಡುವುದಿಲ್ಲ, ಬೆಳಕನ್ನು ನೋಡುತ್ತದೆ. ಗುಂಡಿ ಒತ್ತಿದ ಕೂಡಲೇ ಪರದೆ ಕಣ್ಣುಮಿಟುಕಿಸುವುದರೊಳಗೆ ಪೂರ್ತಿ ಕಪ್ಪಾಗಿ, ಹಕ್ಕಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಬರುತ್ತದೆ. ಬಂದೂಕಿನ ಮೂತಿಯಲ್ಲಿರುವ ಬೆಳಕಿನ ಕಣ್ಣಿಗೆ ಆ ಬಿಳುಪು ಕಂಡರೆ ಗುರಿ ಸರಿ, ಕಾಣದಿದ್ದರೆ ತಪ್ಪು. ಹಳೆಯ ಡಬ್ಬ ಟಿ.ವಿ. ಚಿತ್ರ ಮೂಡಿಸುವ ರೀತಿಗೆ ಹೊಂದುವಂತೆ ಇದನ್ನು ಮಾಡಿದ್ದರು. ಆದ್ದರಿಂದ ಈಗಿನ ತೆಳ್ಳನೆಯ ಟಿ.ವಿ.ಯಲ್ಲಿ ಆ ಬಂದೂಕು ಕೆಲಸ ಮಾಡುವುದಿಲ್ಲ.

ಈ ಪೆಟ್ಟಿಗೆಗೆ ಎರಡು ಕೈಪಿಡಿ ಇರುತ್ತಿದ್ದವು. ಇಬ್ಬರು ಆಡುವರು, ಹತ್ತು ಜನ ನೋಡುವರು. ಕೊನೆ? ಮೂರು ಜೀವ ಮುಗಿದರೆ ಮುಗಿಯಿತು. ಇಲ್ಲವೇ ಕರೆಂಟು ಹೋದರೆ ಮುಗಿಯಿತು. ನಮ್ಮ ಕಡೆ ಎರಡನೆಯದೇ ಹೆಚ್ಚು!

3. ಕಂಪ್ಯೂಟರ್

1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿಟ್ನೊವ್ ಎಂಬುವರು 'ಟೆಟ್ರಿಸ್' ಮಾಡಿದರು. ಅವರ ಕಂಪ್ಯೂಟರಿನಲ್ಲಿ ಚಿತ್ರ ಬರುತ್ತಿರಲಿಲ್ಲ, ಬರೀ ಅಕ್ಷರ ಬರುತ್ತಿತ್ತು. ಅವರು ಬಿಡಲಿಲ್ಲ, ಆವರಣ ಚಿಹ್ನೆಗಳನ್ನೇ ಜೋಡಿಸಿ ಇಟ್ಟಿಗೆ ಮಾಡಿಕೊಂಡರು. ನಾಲ್ಕು ಚೌಕ ಸೇರಿದ ಏಳು ತರಹದ ತುಂಡುಗಳು ಮೇಲಿಂದ ಬೀಳುತ್ತವೆ, ಸಂದಿಲ್ಲದಂತೆ ಜೋಡಿಸಬೇಕು.

ಇದಕ್ಕೆ ಮೊಬೈಲೇ ಬೇಕಿಲ್ಲ. ಹಳೇ ಲಗ್ನಪತ್ರಿಕೆಯಲ್ಲಿ ಆ ಏಳು ತುಂಡು ಕತ್ತರಿಸಿ: ಉದ್ದ ಕೋಲು, ಚೌಕ, 'ಟಿ' ಆಕಾರ, ಎಡಕ್ಕೆ ಬಲಕ್ಕೆ ತಿರುಗಿದ ಎರಡು 'ಎಲ್', ಎರಡು ಮೆಟ್ಟಿಲು. ಒಟ್ಟು 28 ಚೌಕ. ಇವನ್ನು 4 × 7 ಆಯತದಲ್ಲಿ ತುಂಬಿಸಿ ನೋಡಿ. ಎಷ್ಟು ತಿಣುಕಿದರೂ ಆಗುವುದಿಲ್ಲ! ಕಾರಣ ಹೀಗಿದೆ. ಆಯತಕ್ಕೆ ಚದುರಂಗದ ಹಲಗೆಯಂತೆ ಕಪ್ಪು ಬಿಳುಪು ಹಚ್ಚಿದರೆ 14 ಕಪ್ಪು, 14 ಬಿಳಿ ಆಗುತ್ತದೆ. ಆರು ತುಂಡುಗಳು ಎಲ್ಲಿಟ್ಟರೂ ಎರಡು ಕಪ್ಪು, ಎರಡು ಬಿಳಿ ಮುಚ್ಚುತ್ತವೆ. 'ಟಿ' ಒಂದೇ ಮೂರಕ್ಕೆ ಒಂದು ಮುಚ್ಚುತ್ತದೆ. ಲೆಕ್ಕ ಹೊಂದುವುದಾದರೂ ಹೇಗೆ? ಆಟದೊಳಗೆ ಗಣಿತ ಅಡಗಿರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಆಟ ಮಾಡುವುದೂ ಒಂದು ಉದ್ಯೋಗ. ನಮ್ಮ ಬೆಂಗಳೂರಿನಲ್ಲೇ 1997ರಲ್ಲಿ 'ಧ್ರುವ ಇಂಟರಾಕ್ಟಿವ್' ಶುರುವಾಯಿತು. ವಿಡಿಯೋ ಗೇಮ್ ತಯಾರಿಸುವ ದೇಶದ ಮೊದಮೊದಲ ಕಂಪನಿಗಳಲ್ಲಿ ಅದೂ ಒಂದು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಎಂಬ ದೊಡ್ಡ ವಿದೇಶಿ ಕಂಪನಿ ಕೊಂಡುಕೊಂಡಿತು. ಚಿತ್ರ ಬರೆಯುವವರು, ಕಥೆ ಹೆಣೆಯುವವರು, ಸಂಗೀತ ಬಲ್ಲವರು, ಲೆಕ್ಕ ಬಲ್ಲವರು ಎಲ್ಲರಿಗೂ ಇಂಥಲ್ಲಿ ಕೆಲಸ ಇದೆ.

4. ಮೊಬೈಲು

1997ರಲ್ಲಿ ನೋಕಿಯಾ 6110 ಫೋನಿನಲ್ಲಿ ಹಾವಿನ ಆಟ ಬಂತು. ತಿಂದಷ್ಟೂ ಹಾವು ಉದ್ದವಾಗುತ್ತದೆ, ತನ್ನ ಮೈಗೆ ತಾನೇ ತಾಗಿದರೆ ಆಟ ಮುಗಿಯಿತು. ನೋಡಿ, ಅದಕ್ಕೂ ಕೊನೆ ಇತ್ತು.

2016ರಲ್ಲಿ ನೆಟ್ಟು ಅಗ್ಗವಾಯಿತು, ಊರೂರಿಗೂ ಟಚ್ ಫೋನ್ ಬಂತು. ಅದೇ ವರ್ಷ ಮುಂಬೈ ಕಡೆಯವರು ಮಾಡಿದ 'ಲೂಡೊ ಕಿಂಗ್' ಬಂತು. 2020ರ ಲಾಕ್‌ಡೌನ್‌ನಲ್ಲಿ ದೂರದ ನೆಂಟರೆಲ್ಲ ಅದರಲ್ಲೇ ಕೂಡಿ ಆಡಿದರು. ಲೂಡೊ ಬೇರೆ ಯಾವುದೂ ಅಲ್ಲ, ನಮ್ಮ ಪಗಡೆ ಚೌಕಾಬಾರದ ಕುಲದ್ದೇ. ನಮ್ಮ ದೇಶದ ಪಚ್ಚೀಸಿಯನ್ನು ಸರಳ ಮಾಡಿ 1896ರಲ್ಲಿ ಇಂಗ್ಲೆಂಡಿನಲ್ಲಿ ಹಕ್ಕುಪತ್ರ ಪಡೆದರು. ನಮ್ಮ ಜಗಲಿ ಆಟ ಲಂಡನ್ನಿಗೆ ಹೋಗಿ ಮೊಬೈಲಿನೊಳಗೆ ಕೂತು ಮನೆಗೆ ವಾಪಸ್ಸು ಬಂದಿದೆ!

2018ರಲ್ಲಿ ಪಬ್‌ಜಿ ಮೊಬೈಲಿಗೆ ಬಂತು. ನೂರು ಜನ ಇಳಿದು ಕೊನೆಗೆ ಉಳಿದವರು ಗೆದ್ದ ಹಾಗೆ. 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. 2021ರಲ್ಲಿ ಭಾರತಕ್ಕೆಂದೇ ಬೇರೆ ಹೆಸರಿನಲ್ಲಿ ಮರಳಿ ಬಂತು. ಇಂಥ ಆಟದಲ್ಲಿ ಜೊತೆಗಾರರು ಇರುತ್ತಾರೆ. ಪಕ್ಕದೂರಿನ ಗೆಳೆಯನ ದನಿ ಕಿವಿಯಲ್ಲಿ ಕೇಳುತ್ತದೆ. ಅದರ ಖುಷಿ ಸುಳ್ಳಲ್ಲ.

ಹಾಗಾದರೆ ತೊಂದರೆ ಎಲ್ಲಿ? ಕೊನೆಯಲ್ಲಿ. ಆಟವನ್ನು ಪುಕ್ಕಟೆ ಕೊಟ್ಟವನಿಗೆ ಜಾಹೀರಾತಿನಿಂದ, ನಾವು ಕೊಳ್ಳುವ ಬಟ್ಟೆ ಬಂದೂಕಿನಿಂದ ಕಾಸು ಬರಬೇಕು. ನಾವು ಎದ್ದು ಹೋದರೆ ಅವನಿಗೆ ನಷ್ಟ. ಅದಕ್ಕೇ ದಿನಾ ಬಂದರೆ ಬಹುಮಾನ. ಒಂದು ದಿನ ತಪ್ಪಿದರೆ ಬಹುಮಾನ ಹೋಯ್ತು. ಕ್ಯಾಂಡಿ ಕ್ರಶ್ (2012) ತರಹದ ಆಟದಲ್ಲಿ ಜೀವ ಮುಗಿದರೆ ಅರ್ಧ ಗಂಟೆ ಕಾಯಿ, ಇಲ್ಲ ದುಡ್ಡು ಕೊಡು. ಒಂದು ಹಂತ ಗೆದ್ದರೆ ಇನ್ನೊಂದು, ಅದು ಗೆದ್ದರೆ ಮತ್ತೊಂದು. ಇಲ್ಲಿ ಕಾಯಿ ಓಡುತ್ತಲೇ ಇರುತ್ತದೆ, ಹಣ್ಣಾಗುವುದೇ ಇಲ್ಲ. ಕಾಸು ಮುಗಿಯದು, ಕರೆಂಟು ಹೋದರೂ ನಿಲ್ಲದು, ಹಿಂದೆ ನಿಂತು ಸರದಿ ಕೇಳುವವರೂ ಇಲ್ಲ. ಹಿಂದಿನ ಆಟಗಳಲ್ಲಿ ಹೊರಗಿನಿಂದ ಬರುತ್ತಿದ್ದ ಕೊನೆಯನ್ನು ಈಗ ನಾವೇ ತರಬೇಕಾಗಿದೆ.

ದುಡ್ಡಿಟ್ಟು ಆಡುವುದು

ದುಡ್ಡು ಕಟ್ಟಿ, ಗೆದ್ದು ದುಡ್ಡು ಮಾಡಬಹುದು ಅಂತ ಆಡಿಸುವ ರಮ್ಮಿ ಮುಂತಾದವು ಬೇರೆ ಜಾತಿಯವು. ಅದು ಆಟವೆಂಬ ಹೆಸರಿನ ಜೂಜು. ಸೋತ ದುಡ್ಡು ಕೈಸಾಲವಾಗುತ್ತದೆ, ಸಾಲ ಬಡ್ಡಿಯಾಗುತ್ತದೆ, ಕೊನೆಗೆ ಕಬ್ಬಿನ ಬಿಲ್ಲಿಗೇ ಕೈ ಹಾಕುತ್ತದೆ. 2025ರ ಆಗಸ್ಟಿನಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ ಅಂತ ಅದರಲ್ಲಿದೆ. ಅದೇ ಕಾಯ್ದೆ ಸ್ಪರ್ಧೆಯ ವಿಡಿಯೋ ಗೇಮ್‌ಗಳನ್ನು, ಅಂದರೆ ಇ-ಸ್ಪೋರ್ಟ್ಸ್ ಅನ್ನು, ಬೇರೆಯಾಗಿ ಗುರುತಿಸಿ ಮಾನ್ಯ ಮಾಡಿದೆ. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರದರ್ಶನ ಸ್ಪರ್ಧೆಯಾಗಿದ್ದ ಇದರಲ್ಲಿ ಭಾರತದ ತೀರ್ಥ್ ಮೆಹ್ತಾ ಕಂಚು ಗೆದ್ದರು.

ಚಟವೋ, ಆಸೆಯೋ?

ಜಾಸ್ತಿ ಆಡಿದವರಿಗೆಲ್ಲ ಕಾಯಿಲೆ ಅಂತ ಹೇಳಬಾರದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಪಟ್ಟಿಯಲ್ಲಿ ಇದಕ್ಕೆ ಮೂರು ಗುರುತು ಹೇಳಿದೆ. ನಿಲ್ಲಿಸಬೇಕೆಂದರೂ ಕೈಲಾಗದಿರುವುದು. ಊಟ, ನಿದ್ದೆ, ಓದು ಎಲ್ಲಕ್ಕಿಂತ ಆಟವೇ ಮೇಲಾಗುವುದು. ಹಾನಿ ಕಂಡರೂ ಬಿಡದಿರುವುದು. ಸಾಮಾನ್ಯವಾಗಿ ಒಂದು ವರ್ಷ ಹೀಗೇ ಇದ್ದರೆ ಮಾತ್ರ ವೈದ್ಯರು ಕಾಯಿಲೆ ಅನ್ನುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ಒಂದು ಚಿಕಿತ್ಸಾಲಯ ಇದೆ. ಅಷ್ಟು ದೂರ ಹೋಗಲಾಗದವರು ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ಅದು ಉಚಿತ. ಬೈದರೆ, ಫೋನ್ ಒಡೆದು ಹಾಕಿದರೆ ಇದು ವಾಸಿಯಾಗುವುದಿಲ್ಲ ಎಂದು ಹಿರಿಯರಲ್ಲಿ ವಿನಂತಿ.

ಸರದಿ ಯಾರದ್ದು?

ಇನ್ನೊಂದು ಮಾತು. ಎಷ್ಟೋ ಮನೆಯಲ್ಲಿ ಇರುವುದು ಒಂದೇ ಫೋನು. ಅಣ್ಣ ಆಡಿ ಮುಗಿಸುವಷ್ಟರಲ್ಲಿ ಚಾರ್ಜು ಇರುವುದಿಲ್ಲ. ತಂಗಿ ಪಾತ್ರೆ ತೊಳೆದು, ಹಸಿಗೆ ಹುಲ್ಲು ಹಾಕಿ ಬಂದು ಕೇಳಿದರೆ "ಹೆಣ್ಮಕ್ಕಳಿಗೆ ಎಂಥಾ ಗೇಮು" ಅಂತಾರೆ. ಚೌಕಾಬಾರದಲ್ಲಿ ಹೀಗಿರಲಿಲ್ಲ. ಅಜ್ಜಿ, ಅವ್ವ, ಹುಡುಗ, ಹುಡುಗಿ ಎಲ್ಲರ ಕೈಗೂ ಕವಡೆ ಬರುತ್ತಿತ್ತು, ಸರದಿ ಬಂದವರನ್ನು ಯಾರೂ ದಾಟಿ ಹೋಗುವ ಹಾಗಿರಲಿಲ್ಲ. ಆಟದ ಆಸೆಗೆ ಗಂಡು ಹೆಣ್ಣು ಅಂತ ಇಲ್ಲ. ಸರದಿ ಕೊಡದವನು ಎಷ್ಟು ಹಂತ ಗೆದ್ದರೂ ಆಟಗಾರ ಅನ್ನಿಸಿಕೊಳ್ಳಲಾರ.

ಹಾಗಾಗಿ ನಾವು ಪಾಲಿಸಬಹುದಾದ ನಾಲ್ಕು ನಿಯಮ:

• ಶುರು ಮಾಡುವ ಮುಂಚೆಯೇ ಎಷ್ಟು ಆಟ ಅಂತ ಬಾಯಿಬಿಟ್ಟು ಹೇಳುವುದು. ಮೂರು ಅಂದರೆ ಮೂರೇ. ಮೂರನೆಯದು ಮುಗಿದರೆ "ಹಣ್ಣಾಯ್ತು" ಅಂತ ಇಡುವುದು.
• ಆದಷ್ಟೂ ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಆಡುವುದು.
• ಮನೆಯಲ್ಲಿ ಎಲ್ಲರಿಗೂ ಸರದಿ. ಮೊದಲ ಸರದಿ ಚಿಕ್ಕವರದ್ದು.
• ದುಡ್ಡು ಕೇಳಿದ ಕೂಡಲೇ ಅಲ್ಲಿಗೇ ನಿಲ್ಲಿಸಿ ಮನೆಯವರಿಗೆ ಹೇಳುವುದು.

ಬರುವ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಶಾಲೆಯ ಪಡಸಾಲೆಯಲ್ಲಿ ಚೌಕಾಬಾರದ ಮನೆ ಬರೆಯುತ್ತೇವೆ. ಹುಣಿಸೆ ಬೀಜ ತರುವವರು ಉಜ್ಜಿಕೊಂಡೇ ಬನ್ನಿ. ಗುರುಗಳೂ ಕೂರಬೇಕು. ಕಾಯಿ ಹೊಡೆದರೆ ಕೋಪ ಮಾಡಿಕೊಳ್ಳಬಾರದು!